ಅಂಗುಷ್ಠ ಮೀಮಾಂಸೆ
(ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಶಿಕ್ಷಕ ತರಬೇತಿಯನ್ನು ಕುರಿತ ಶಾಸ್ತ್ರೀಯ ವಿವೇಚನೆ)

ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಡಿಜಿಟಲ್ ಯುಗದಲ್ಲಿ ಶಿಕ್ಷಕ ತರಬೇತಿಯ ಗುಣಮಟ್ಟ ನೆಲೆಸಿರುವುದು ತಲೆಯಲ್ಲಲ್ಲ, ಬಲಗೈ ಹೆಬ್ಬೆರಳಿನಲ್ಲಿ. ಪೂರ್ವಸೂರಿಗಳು ಇದನ್ನು ಗಮನಿಸದೆ ಹೋದದ್ದು ವಿಷಾದನೀಯ.

ಮೊದಲು ಸ್ಥಳಪುರಾಣ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ. ಸಣ್ಣವರು ದೊಡ್ಡವರೆನ್ನದೆ ಎಲ್ಲರೂ ಶ್ರಮಿಸಬೇಕೆಂಬುದು ಸಾರ. ಒಂದೇ ಒಕ್ಕಣೆಯನ್ನು ಊರೂರಿಗೆ ನಕಲು ಮಾಡಿಸಿದ ಈ ಸುತ್ತೋಲೆಯಲ್ಲಿ ಒಂದು ಆಡಳಿತಾತ್ಮಕ ಲೋಪವಿದೆ: ಎಷ್ಟು ಮಂದಿ ಕೊನೆಯವರೆಗೆ ಓದಿದರೆಂದು ತೋರಿಸುವ ಡ್ಯಾಶ್‌ಬೋರ್ಡ್ ಇಲ್ಲ. ಈ ಕೊರತೆ ನೀಗಲು 2017ರ ಸೆಪ್ಟೆಂಬರ್ 5ರಂದು ಶಿಕ್ಷಕರ ಆನ್‌ಲೈನ್ ಕಲಿಕೆಯ ‘ದೀಕ್ಷಾ’ ವೇದಿಕೆ ಅವತರಿಸುವವರೆಗೆ ಕಾಯಬೇಕಾಯಿತು.

ನಡುವಿನದು ಕ್ಯಾಸ್ಕೇಡ್ ಯುಗ. ಬೆಂಗಳೂರಿನ ರಾಜ್ಯಮಟ್ಟದ ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯಲ್ಲಿ ಹುಟ್ಟಿದ ಜ್ಞಾನ ಮುನಿರಾಬಾದಿನ ಜಿಲ್ಲಾ ತರಬೇತಿ ಸಂಸ್ಥೆ ಡಯಟ್‌ಗೆ ಇಳಿದು, ಅಲ್ಲಿಂದ ತಾಲ್ಲೂಕಿನ ಬಿಆರ್‌ಸಿ, ಕ್ಲಸ್ಟರ್ ಎಂದು ಹರಿಯುತ್ತಿತ್ತು. ಅದೇ ಮುನಿರಾಬಾದಿನಿಂದ ಹೊರಡುವ ತುಂಗಭದ್ರೆಯ ಎಡದಂಡೆ ಕಾಲುವೆಯ ಗತಿಯೇ ಇದರದ್ದೂ: ಮೇಲ್ಭಾಗದವರಿಗೆ ಭತ್ತ, ಕೊನೆಭಾಗದವರಿಗೆ ಕೆಸರು, ಕುಷ್ಟಗಿ, ಯಲಬುರ್ಗಾದ ಬೆದ್ದಲು ಸೀಮೆಯವರಿಗೆ ಮುಗಿಲೇ ಗತಿ. ಆದರೂ ವಿರಾಮದಲ್ಲಿ ಒಗ್ಗರಣಿ-ಮಿರ್ಚಿ ತಿನ್ನುತ್ತ, “ಸರ, ಭಾಗಾಕಾರ ನೀವು ಹೆಂಗ ಹೇಳ್ತೀರ್ರಿ?” ಎಂದು ಒಬ್ಬರು ಕೇಳುವುದು, “ಮೊದ್ಲ ಹುಣಸಿಬೀಜ ಹಂಚಾಕ ಹಚ್ರೀ, ಆಮ್ಯಾಗ ಲೆಕ್ಕ” ಎಂದು ಇನ್ನೊಬ್ಬರು ಹೇಳುವುದು ನಡೆದಿತ್ತು. ವೇಳಾಪಟ್ಟಿಯಲ್ಲಿ ಇಲ್ಲದ್ದರಿಂದ ಇದನ್ನು ಕಾಲಹರಣವೆಂದೇ ಗಣಿಸಬೇಕು. (ಮಧ್ಯಾಹ್ನದ ಉಪನ್ಯಾಸದಲ್ಲಿ ಇದೇ ವಿದ್ವಾಂಸರು ಗೊರಕೆ ಹೊಡೆದದ್ದೂ ದಾಖಲಾಗಲಿ.)

2019ರಲ್ಲಿ ಮುಖಾಮುಖಿಯಾಗಿ ಶುರುವಾದ ‘ನಿಷ್ಠಾ’ ತರಬೇತಿ, ಕೋವಿಡ್ ಬಂದದ್ದರಿಂದ 2020ರ ಅಕ್ಟೋಬರಿನಲ್ಲಿ 18 ಮಾಡ್ಯೂಲುಗಳಾಗಿ ದೀಕ್ಷಾ ಮೂಲಕ ಮೊಬೈಲಿಗೆ ಬಂತು. ಅಂಗುಷ್ಠ ಯುಗದ ಆರಂಭ ಅದು. ಕ್ಷೇತ್ರಕಾರ್ಯದ ಒಂದು ನಿದರ್ಶನ: ಇಡೀ ದಿನ ಪಾಠ, ಬಿಸಿಯೂಟದ ಲೆಕ್ಕ, ಮಕ್ಕಳ ದಾಖಲೆಯ ಎಸ್‌ಎಟಿಎಸ್ ಭರ್ತಿ ಮುಗಿಸಿ ಬಂದ ಅಕ್ಕೋರು ರೊಟ್ಟಿ ಬಡಿಯುತ್ತಿದ್ದಾರೆ. ಮೊಬೈಲು ನೀರಿನ ತಂಬಿಗೆಗೆ ಒರಗಿ, ಮಗು-ಕೇಂದ್ರಿತ ಕಲಿಕೆಯನ್ನು ಬೋಧಿಸುತ್ತಿದೆ. ಎರಡೂ ಕೈ ಹಿಟ್ಟಾದ್ದರಿಂದ, “ತಂಗೀ, ಮುಂದಿಂದು ಒತ್ತು” ಎನ್ನುತ್ತಾರೆ. ಏಳನೇ ಇಯತ್ತೆಯ ಮಗಳು ಒತ್ತುತ್ತಾಳೆ, ಪ್ರಶ್ನೆಗಳಿಗೂ ಉತ್ತರ ಒತ್ತುತ್ತಾಳೆ. ಪ್ರಮಾಣಪತ್ರ ತಾಯಿಗೆ, ತರಬೇತಿ ಮಗಳಿಗೆ. ಇದಕ್ಕಿಂತ ಮಗು-ಕೇಂದ್ರಿತವಾದದ್ದು ಯಾವುದಿದೆ?

ಇನ್ನು ಪುರಾಣದ ಆಧಾರ. ಮಾತಾಡದ ಮೂರ್ತಿಯ ಮುಂದೆ ಒಬ್ಬನೇ ಕೂತು ಕಲಿತ ಏಕಲವ್ಯನೇ ಆನ್‌ಲೈನ್ ಶಿಷ್ಯರ ಮೂಲಪುರುಷ. ಅವನು ವಿದ್ಯೆ ಮುಗಿದ ಮೇಲೆ ಹೆಬ್ಬೆರಳು ಕೊಟ್ಟ. ಈಗ ಹೆಬ್ಬೆರಳು ಕೊಟ್ಟರಷ್ಟೇ ವಿದ್ಯೆ ಮುಗಿಯುತ್ತದೆ. ಸಾಕ್ಷರತಾ ಆಂದೋಲನದಲ್ಲಿ ಊರಿನವರಿಗೆ ಹೆಬ್ಬೆಟ್ಟು ಬಿಡಿಸಿ ಸಹಿ ಕಲಿಸಿದ ಮಾಸ್ತರರೇ ಇಂದು “ಅತಿ ತುರ್ತು, ಸಂಜೆಯೊಳಗೆ ಲಿಂಕ್ ಪೂರ್ಣಗೊಳಿಸಿ” ಎಂಬ ವಾಟ್ಸಾಪ್ ಸಂದೇಶಕ್ಕೆ ಸಾಲಾಗಿ ಹೆಬ್ಬೆಟ್ಟು ಒತ್ತುತ್ತಾರೆ. ಸ್ಟಾಫ್ ರೂಮಿನ ಶಾಸ್ತ್ರಚರ್ಚೆಯೂ ಬದಲಾಗಿದೆ:

“ನಿಮ್ದು ಎಷ್ಟಕ್ಕ ನಿಂತೈತ್ರಿ ಸರ?”

“ತೊಂಬತ್ತಕ್ಕ. ಡಿಲೀಟ್ ಮಾಡಿ ಮತ್ತ ಹಾಕೀನ್ರಿ, ಮುಂದಕ್ಕ ಹೋಗವಲ್ದು.”

ಏನು ಕಲಿತಿರಿ ಎಂದು ಯಾರೂ ಕೇಳುವುದಿಲ್ಲ. ಶೇಕಡಾವಾರಿನಲ್ಲಿ ಹೇಳಲಾಗದ ಉತ್ತರ ಶಾಸ್ತ್ರಕ್ಕೆ ನಿಷಿದ್ಧ.

ಒಂದು ಆಕ್ಷೇಪವನ್ನು ಮಾತ್ರ ಇಲ್ಲಿ ನಿವಾರಿಸಬೇಕು. ಯಲಬುರ್ಗಾ ಕಡೆಯ ಟೀಚರೊಬ್ಬರು ರೊಟ್ಟಿ ಮುರಿದು ಭಿನ್ನರಾಶಿ ಕಲಿಸಿದ್ದನ್ನು ತರಬೇತಿ ನೋಡುವ ಮೊಬೈಲಿನಲ್ಲೇ ಚಿತ್ರೀಕರಿಸಿ ಗಂಗಾವತಿಯ ಗೆಳತಿಗೆ ಕಳಿಸಿದರು ಎನ್ನಿ. ಆಕೆ ಫೋನು ಮಾಡಿ, “ತುಂಡು ಸಮ ಇಲ್ಲಲ್ಲವಾ, ಹುಡುಗ್ರು ಕಾಲುಭಾಗ ಅಂದ್ರ ಏನಂತ ತಿಳ್ಕೋಬೇಕು?” ಎಂದು ಅರ್ಧ ತಾಸು ಜಗಳಾಡಿದರು. ಮರುದಿನ ಇಬ್ಬರೂ ಪಾಠ ತಿದ್ದಿಕೊಂಡರು. ಇದು ತರಬೇತಿಯಲ್ಲವೇ ಎಂದು ಮಂದಮತಿಗಳು ಕೇಳಬಹುದು. ಲಿಂಕ್ ಇಲ್ಲ, ಹಸಿರು ಪಟ್ಟಿ ಇಲ್ಲ, ಪ್ರಮಾಣಪತ್ರ ಇಲ್ಲ. ಆದ್ದರಿಂದ ಇದು ಹರಟೆ. ಆ ಎರಡು ಶಾಲೆಗಳ ಮಕ್ಕಳಿಗೆ ಭಿನ್ನರಾಶಿ ಬಂದರೆ ಅದು ಕಾಕತಾಳೀಯ.