ಉತ್ತರ ಒಮ್ಮೆ ಬರೆದಿಡ್ರಿ

ನಮ್ಮ ಬೇಲಿಯ ಆಚೆ ಇರುವವರು ಸರಕಾರಿ ಪ್ರೌಢಶಾಲೆಯ ಮಾಸ್ತರರು. ಮಳೆ, ಗೋವಿನಜೋಳದ ದರ, ಸಾಲಿಯ ಸುದ್ದಿ ಮುಗಿದ ಮೇಲೆ ಈಗೀಗ ನಮ್ಮ ಮಾತು ಕಂಪ್ಯೂಟರ್ ಕಡೆ ಹೊರಳುತ್ತದೆ.

“ವಿಂಡೋಸ್ 10 ಮುಗೀತಂತಲ್ರಿ ಅಕ್ಕಾರ, ಲ್ಯಾಬಿನಾಗಿನ ಮಷೀನ್ ಏನ್ ಮಾಡೂದು?”

ಮುಗಿದದ್ದು ನಿಜ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಜೊತೆಗೆ ಅದು ಒಪ್ಪುವ ಪ್ರೊಸೆಸರ್ ಬೇಕು. ಹಳೆಯ ಯಂತ್ರಗಳು ಟಿಪಿಎಂ ಮತ್ತು ಪ್ರೊಸೆಸರ್ ಲೆಕ್ಕದಲ್ಲೇ ಹೊರಗುಳಿಯುತ್ತವೆ. ಅವಕ್ಕೆ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ಮಕ್ಕಳ ಕೈಗೆ ಸಿಗುತ್ತವೆ. ಯಾವುದನ್ನೇ ಆರಿಸಿಕೊಂಡರೂ ಪ್ರತಿ ಯಂತ್ರಕ್ಕೂ ಹೊಸ ಓಎಸ್ ಹಾಕುವ ಕೆಲಸ ತಪ್ಪದು.

“ಪೆನ್‌ಡ್ರೈವ್ ಹಚ್ಚಿ ಒಂದೊಂದ ಹಾಕ್ಕೊಂತ ಹೋದ್ರಾತು, ಅದರಾಗೇನೈತ್ರಿ?”

ಒಂದೆರಡು ಯಂತ್ರವಾದರೆ ಹಾಗೇ ಮಾಡಬೇಕು ಸರ್. ಲ್ಯಾಬ್ ಪೂರ್ತಿ ಎಂದರೆ ಮಾತು ಬೇರೆ. ಭಾಷೆ ಯಾವುದು, ಕೀಲಿಮಣೆ ಯಾವುದು, ಡಿಸ್ಕ್ ಹೇಗೆ ಹಂಚಬೇಕು, ಯಂತ್ರದ ಹೆಸರೇನು, ಪಾಸ್‌ವರ್ಡ್ ಏನು ಎಂದು ಅದೇ ಪ್ರಶ್ನೆಗಳು ಪ್ರತಿ ಯಂತ್ರದಲ್ಲೂ ಬರುತ್ತವೆ. ದಣಿವಾದಂತೆ ಉತ್ತರ ಬದಲಾಗುತ್ತದೆ. ಒಂದರಲ್ಲಿ ಡಿಸ್ಕ್ ಎರಡು ಭಾಗ, ಇನ್ನೊಂದರಲ್ಲಿ ಒಂದೇ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಹೀಗಾದಾಗ ಮೊದಲು ಕೈಬಿಡುವುದು ಕನ್ನಡವನ್ನೇ. ಕನ್ನಡ ಕೀಲಿಮಣೆ ಸೇರಿಸುವುದು ಕಡೆಯ ಕೆಲಸವಾದ್ದರಿಂದ “ಆಮೇಲೆ ನೋಡೂಣು” ಎಂದು ಬಿಟ್ಟಿದ್ದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಈ ಪ್ರಶ್ನೆಗಳಿಗೆಲ್ಲ ಉತ್ತರವನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಇನ್‌ಸ್ಟಾಲರ್ ಅದನ್ನೇ ಓದಿಕೊಂಡು ಮುಂದುವರಿಯುತ್ತದೆ. ಇದು ಹೊಸದೇನಲ್ಲ. ಸನ್ ಕಂಪನಿಯ ಸೋಲಾರಿಸ್‌ನಲ್ಲಿ 1990ರ ದಶಕದಲ್ಲೇ ಜಂಪ್‌ಸ್ಟಾರ್ಟ್ ಇತ್ತು. ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಲಾಂಗೆ 1999ರಲ್ಲಿ ಎಫ್‌ಎಐ ಎಂಬ ಸಾಧನ ಶುರು ಮಾಡಿದರು. ರೆಡ್‌ಹ್ಯಾಟ್‌ನಲ್ಲಿ ಇದಕ್ಕೆ ಕಿಕ್‌ಸ್ಟಾರ್ಟ್ ಎನ್ನುತ್ತಾರೆ, ಡೆಬಿಯನ್‌ನಲ್ಲಿ ಪ್ರಿಸೀಡ್, ಉಬುಂಟುವಿನಲ್ಲಿ 20.04ರ ಸರ್ವರ್ ಆವೃತ್ತಿಯಿಂದ ಆಟೋಇನ್‌ಸ್ಟಾಲ್. ವಿಂಡೋಸ್ ಕೂಡ ಪೆನ್‌ಡ್ರೈವ್‌ನಲ್ಲಿ ಆಟೋಅನ್‌ಅಟೆಂಡ್ ಹೆಸರಿನ ಎಕ್ಸ್‌ಎಂಎಲ್ ಕಡತ ಇದೆಯೇ ಎಂದು ತಾನೇ ಹುಡುಕುತ್ತದೆ.

“ಆ ಕಡತ ಬರಿಯೂದು ನಮ್ಮಂಥಾವ್ರಿಗೆ ಆಗ್ತೈತೇನ್ರಿ?”

ಆಗುತ್ತದೆ. ಮೊದಲ ಯಂತ್ರಕ್ಕೆ ಕೈಯಿಂದಲೇ, ನಿಧಾನವಾಗಿ, ಪ್ರತಿ ಪ್ರಶ್ನೆ ಓದಿ ಓಎಸ್ ಹಾಕಿರಿ. ಫೆಡೋರಾ, ರೆಡ್‌ಹ್ಯಾಟ್ ಕಡೆಯ ಇನ್‌ಸ್ಟಾಲರ್ ಕೆಲಸ ಮುಗಿದ ಮೇಲೆ ನೀವು ಕೊಟ್ಟ ಉತ್ತರಗಳನ್ನು ಕಿಕ್‌ಸ್ಟಾರ್ಟ್ ರೂಪದಲ್ಲಿ ರೂಟ್ ಫೋಲ್ಡರ್‌ನಲ್ಲಿ ಬರೆದಿಟ್ಟು ಹೋಗುತ್ತದೆ. ಉಬುಂಟು ಲಾಗ್ ಫೋಲ್ಡರ್‌ನಲ್ಲಿ ಹಾಗೇ ಇಡುತ್ತದೆ. ಅದನ್ನು ನಕಲು ಮಾಡಿಕೊಂಡು ತಿದ್ದಿಕೊಂಡರೆ ಉಳಿದ ಯಂತ್ರಗಳಿಗೆ ಕಡತ ಸಿದ್ಧ. ಕೈಗೆಲಸ ಮೇಲೋ ಸಾಧನ ಮೇಲೋ ಎಂದು ವಾದ ಮಾಡುವವರು ಇದನ್ನು ಮರೆಯುತ್ತಾರೆ. ಕೈಯಿಂದ ಹಾಕಿದಾಗ ಅರ್ಥವಾದದ್ದನ್ನೇ ಸಾಧನ ಮುಂದೆ ನಡೆಸುತ್ತದೆ.

ತೈವಾನ್‌ನಲ್ಲಿ ತಯಾರಾದ ಕ್ಲೋನ್‌ಜಿಲ್ಲಾದಂಥ ಸಾಧನದಿಂದ ಕಡತದ ಬದಲು ಒಂದು ಡಿಸ್ಕನ್ನು ಇದ್ದಂತೆ ಉಳಿದವಕ್ಕೆ ಪಡಿಯಚ್ಚು ಹೊಡೆಯಬಹುದು. ಯಂತ್ರಗಳು ಒಂದೇ ಮಾದರಿಯವಾದರೆ ಇದು ಬಲು ಚುರುಕು. ಆದರೆ ಯಂತ್ರದ ಹೆಸರು, ಒಳಗಿನ ಗುರುತಿನ ಸಂಖ್ಯೆ ಕೂಡ ನಕಲಾಗುತ್ತವೆ. ಅದಕ್ಕೇ ವಿಂಡೋಸ್‌ನಲ್ಲಿ ಅಚ್ಚು ತೆಗೆಯುವ ಮೊದಲು ಆ ಗುರುತುಗಳನ್ನು ಅಳಿಸುವ ಸಿಸ್‌ಪ್ರೆಪ್ ನಡೆಸಬೇಕು. ಬೇರೆ ಬೇರೆ ವರ್ಷ ಬಂದ ಬೇರೆ ಬೇರೆ ಮಾದರಿಯ ಯಂತ್ರಗಳಿರುವ ಶಾಲೆಗೆ ಉತ್ತರದ ಕಡತವೇ ಹೆಚ್ಚು ಒಗ್ಗುತ್ತದೆ. ಪೆನ್‌ಡ್ರೈವ್ ಇಲ್ಲದೆ ನೆಟ್‌ವರ್ಕ್‌ನಿಂದಲೇ ಓಎಸ್ ಇಳಿಸುವ ಪಿಎಕ್ಸ್‌ಇ ದಾರಿಯೂ ಇದೆ. ಅದಕ್ಕೆ ಸರ್ವರ್ ಕಟ್ಟುವ ಶ್ರಮ ಬೇಕು, ಹತ್ತು ಯಂತ್ರದ ಲ್ಯಾಬಿಗೆ ಪೆನ್‌ಡ್ರೈವ್ ಸಾಕು.

ಮಾಸ್ತರರು ರೈತರ ಮನೆಯವರು, ತಟ್ಟನೆ ಹಿಡಿದರು: “ಕೂರಿಗಿ ಇದ್ದಂಗಾತು. ಸಾಲು ನೆಟ್ಟಗ ಬರ್ತಾವು. ಆದ್ರ ಬಟ್ಟಲದಾಗ ತಪ್ಪು ಬೀಜ ಹಾಕಿದ್ರ ಹೊಲಾನ ಕೆಡ್ತೈತಿ.”

ಅವರು ಹೇಳಿದ ಅಪಾಯ ನಿಜ. ಡಿಸ್ಕ್ ಅಳಿಸು ಎಂದು ಬರೆದ ಕಡತ ಅಳಿಸಿಯೇ ಬಿಡುತ್ತದೆ, ಅದರಲ್ಲಿ ಮಕ್ಕಳ ಅಂಕಪಟ್ಟಿ ಇದ್ದರೂ. ಆದ್ದರಿಂದ ಬೇಕಾದ ದಾಖಲೆಗಳನ್ನು ಮೊದಲೇ ಬೇರೆ ಕಡೆ ತೆಗೆದಿಡಬೇಕು, ಕಡತವನ್ನು ಖಾಲಿ ಯಂತ್ರವೊಂದರ ಮೇಲೆ ಪರೀಕ್ಷಿಸಬೇಕು, ಪೆನ್‌ಡ್ರೈವ್ ಮೇಲೆ “ಡಿಸ್ಕ್ ಅಳಿಸುತ್ತದೆ” ಎಂದು ಚೀಟಿ ಅಂಟಿಸಬೇಕು. ಉಬುಂಟು ಡಿಸ್ಕ್ ಮುಟ್ಟುವ ಮೊದಲು ಒಮ್ಮೆ “ಮುಂದುವರಿಯಲೇ” ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ತೆಗೆದುಹಾಕುವ ದಾರಿಯಿದ್ದರೂ ತೆಗೆಯಬೇಡಿ. ಪಾಸ್‌ವರ್ಡನ್ನು ಹಾಗೇ ಬರೆಯದೆ ಹ್ಯಾಶ್ ಮಾಡಿ ಬರೆಯಿರಿ.

ಇನ್ನು ಕನ್ನಡ. ಭಾಷೆ ಕನ್ನಡ, ಸಮಯ ವಲಯ ಭಾರತದ್ದು, ಕೀಲಿಮಣೆ ಕನ್ನಡದ್ದು ಎಂದು ಕಡತದಲ್ಲಿ ಒಮ್ಮೆ ಬರೆದರೆ ಕೊನೆಯ ಯಂತ್ರದವರೆಗೂ ಕನ್ನಡ ತಪ್ಪದೆ ಬರುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ, ಇನ್‌ಸ್ಕ್ರಿಪ್ಟ್ ಎರಡೂ ಲಿನಕ್ಸ್‌ನಲ್ಲಿ ಮೊದಲೇ ಇವೆ. ಡೆಬಿಯನ್‌ನ ಚಿತ್ರಪರದೆಯ ಇನ್‌ಸ್ಟಾಲರ್ ಕನ್ನಡದಲ್ಲೇ ಮಾತಾಡುತ್ತದೆ.

ಗಡಿಯಾಚೆ ನೋಡಿ. ಕೇರಳದ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಸಂಸ್ಥೆ 2019ರಲ್ಲಿ ಉಬುಂಟು 18.04ರ ಮೇಲೆ ಶಾಲೆಗಳಿಗೆಂದೇ ಒಂದು ಓಎಸ್ ಸಿದ್ಧಮಾಡಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಕೊಡಲು ಹೊರಟಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳೂ ಆ ವ್ಯವಸ್ಥೆಯೊಳಗೇ ಇವೆ. ಮಕ್ಕಳಿಗೆ ಬೇಕಾದ ತಂತ್ರಾಂಶವನ್ನೆಲ್ಲ ಒಂದು ಕಡೆ ಕೂತು ಸೇರಿಸಿದ ಶ್ರಮ ಸಾವಿರಾರು ಶಾಲೆಗೆ ದಕ್ಕಿತು.

“ನನಗ ವರ್ಗಾ ಆದ್ರ?” ಎಂದರು ಮಾಸ್ತರರು. ನಾನು ಇಷ್ಟು ಹೊತ್ತು ಹೇಳಹೊರಟದ್ದೇ ಅದು. ಕೈಯಿಂದ ಹಾಕಿದವರ ಕೆಲಸ ಅವರೊಡನೆ ವರ್ಗವಾಗಿ ಹೋಗುತ್ತದೆ, ಬರೆದಿಟ್ಟ ಕಡತ ಶಾಲೆಯಲ್ಲೇ ಉಳಿಯುತ್ತದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಕಂಪ್ಯೂಟರ್ ಮಾಸ್ತರರಲ್ಲಿ, ಅಕ್ಕೋರಲ್ಲಿ ನನ್ನ ಕೇಳಿಕೆ ಇಷ್ಟೇ: ಮೊದಲ ಯಂತ್ರ ಕೈಯಿಂದ ಹಾಕಿರಿ, ಉಳಿದದ್ದಕ್ಕೆ ಕಡತ ಮಾಡಿರಿ, ಅದರ ಪ್ರತಿಯನ್ನು ದಾಸ್ತಾನು ವಹಿಯ ಜೊತೆ ಇಟ್ಟು ಪಕ್ಕದ ಶಾಲೆಗೂ ಒಂದು ಕೊಡಿರಿ.