ಕೊಳಲಿನವನ ಉಸಿರು

ಕರಿಬೇವು ಕೇಳಲು ಬಂದ ಪಕ್ಕದ ಮನೆಯಾಕೆ ಕಾಂಪೌಂಡಿಗೆ ಮೊಣಕೈ ಊರಿದರೆಂದರೆ ಒಲೆ ಮೇಲಿನ ಹಾಲನ್ನು ದೇವರೇ ಕಾಯಬೇಕು. ಮೊನ್ನೆ ಬಂದವರು ಮುಖ ಸಣ್ಣಗೆ ಮಾಡಿಕೊಂಡಿದ್ದರು.

"ಸೆಕೆಂಡ್ ಪಿಯುಸಿ ಮುಗೀತಲ್ಲ, ಇವನಿಗೆ ಇಂಜಿನಿಯರಿಂಗ್ ಬೇಡವಂತೆ ಕಣ್ರೀ. ಮ್ಯೂಸಿಕ್ ಕಂಪೋಸ್ ಮಾಡೋದು ಕಲೀತಾನಂತೆ. ಅದಕ್ಕೂ ಕಾಲೇಜಿದೆಯಾ?"

ಇದೆ. ಹುಡುಗ ಪಟ್ಟಿಯನ್ನೇ ಹಿಡಿದುಕೊಂಡು ಬಂದ. ಎಲ್ಲಕ್ಕಿಂತ ಮೇಲೆ ಬೋಸ್ಟನ್ನಿನ ಬರ್ಕ್ಲಿ. ಫೀಸು, ಊಟ, ವಸತಿ ಎಲ್ಲ ಸೇರಿದರೆ ವರ್ಷಕ್ಕೆ ಅರ್ಧ ಕೋಟಿ ದಾಟುತ್ತದೆ. ಅವರಪ್ಪ ಪಿಎಫ್ ಲೆಕ್ಕ ಒಮ್ಮೆ ನೋಡಿ, ಕನ್ನಡಕ ತೆಗೆದಿಟ್ಟು ಮಲಗಿಬಿಟ್ಟರಂತೆ. ಅದರ ಕೆಳಗೆ ಚೆನ್ನೈ: ಎ.ಆರ್. ರೆಹಮಾನ್ 2008ರಲ್ಲಿ ಶುರುಮಾಡಿದ ಕೆ.ಎಂ. ಕನ್ಸರ್ವೇಟರಿ.

"ಗಂಗೂಬಾಯಿ ಹಾನಗಲ್ ಹೆಸರಿನ ವಿಶ್ವವಿದ್ಯಾಲಯ ನಮ್ಮ ಮೈಸೂರಲ್ಲೇ ಇದೆಯಲ್ಲೋ?"

"ನಂಗೆ ಹಾಡೋದಲ್ಲ ಆಂಟಿ. ಕೊಳಲು, ವಯೊಲಿನ್, ಚೆಲ್ಲೊ ಎಲ್ಲಕ್ಕೂ ಬರೀಬೇಕು."

ಪಾಶ್ಚಾತ್ಯ ಸಂಗೀತ ಬರೆಯುವ ಐದು ಗೆರೆಯ ಪುಸ್ತಕ ತೆರೆದ. ಪೆನ್ಸಿಲಿನಲ್ಲಿ ಎರಡು ಪುಟ ಬರೆದಿದ್ದ. ಒಂದು ಕಡೆ ರಬ್ಬರ್ ಉಜ್ಜಿ ಉಜ್ಜಿ ಕಾಗದವೇ ತೂತು. ಲ್ಯಾಪ್‌ಟಾಪು ಅದನ್ನು ನುಡಿಸಿ ತೋರಿಸಿತು. ಮೋಹನ ರಾಗದ ನೆರಳಿತ್ತು, ಚೆನ್ನಾಗಿಯೂ ಇತ್ತು. ಆದರೆ ಕೊಳಲು ನಿಲ್ಲಲೇ ಇಲ್ಲ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ಕೊಳಲು ಊದಿದವಳು ನಾನು, ಸುಮ್ಮನಿರಲಾಗಲಿಲ್ಲ.

"ಅಲ್ಲಪ್ಪಾ, ಕೊಳಲಿನವನು ಉಸಿರು ತಗೊಳ್ಳೋದು ಯಾವಾಗ?"

ಹುಡುಗ ಪುಟ ನೋಡಿದ, ನನ್ನನ್ನು ನೋಡಿದ. "ಕಂಪ್ಯೂಟರ್ ಏನೂ ಹೇಳಲಿಲ್ವಲ್ಲ ಆಂಟಿ."

ಅದು ಹೇಳುವುದಿಲ್ಲ. ಊದಿ ಮುಖ ಕೆಂಪಗಾದವನು ಹೇಳಬೇಕು. ಹಾಗಾಗಿ ಕಾಲೇಜಿನ ಹೆಸರು ಆಮೇಲಾಯಿತು. ನೀನು ಬರೆದದ್ದನ್ನು ಅಲ್ಲಿ ಯಾರು ನುಡಿಸುತ್ತಾರೆ, ವರ್ಷಕ್ಕೆ ಎಷ್ಟು ಸಲ ನುಡಿಸುತ್ತಾರೆ, ಮೊದಲು ಅದನ್ನು ಕೇಳು ಎಂದೆ. ಪಾಠ ಹೇಳುವ ಮೇಷ್ಟ್ರು ಸ್ವತಃ ಏನು ಬರೆದಿದ್ದಾರೆ ಅಂತಲೂ ಹುಡುಕಿ ಕೇಳಬೇಕು. ಅದು ಹಿಡಿಸದಿದ್ದರೆ ಅರ್ಜಿಯ ದುಡ್ಡು ದಂಡ.

ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರೂ ಕೃತಿರಚನೆಗೆಂದು ಯಾವ ಡಿಗ್ರಿಯನ್ನೂ ಮಾಡಿದವರಲ್ಲ. ಮಹಾರಾಜರು ಖರ್ಚು ಕೊಟ್ಟು ತಿರುವೈಯಾರಿಗೆ, ಪಟ್ನಂ ಸುಬ್ರಹ್ಮಣ್ಯ ಅಯ್ಯರ್ ಬಳಿ ಸಂಗೀತ ಕಲಿಯಲು ಕಳಿಸಿದರು. ಆ ಗುರುಗಳೇ ದೊಡ್ಡ ವಾಗ್ಗೇಯಕಾರರು. ವಿದ್ಯೆ ಬಂದದ್ದು ಆ ಮನೆಯಿಂದ.

"ಈಗ ಮಹಾರಾಜರನ್ನ ಎಲ್ಲಿಂದ ತರೋಣ?" ಎಂದರು ತಾಯಿ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸದ್ಯ ಹುಡುಗ ಚೆನ್ನೈಗೆ ಅರ್ಜಿ ಹಾಕಿದ್ದಾನೆ. ಕೊಳಲಿನ ಭಾಗವನ್ನು ತಿದ್ದಿ, ನನಗೆ ಐದು ಗೆರೆ ಓದಲು ಬಾರದೆಂದು ಕೆಳಗೆ ಸರಿಗಮ ಬರೆದುಕೊಟ್ಟಿದ್ದಾನೆ. ಅಟ್ಟದಿಂದ ಕೊಳಲು ಇಳಿಸಿದ್ದೇನೆ. ಎರಡನೇ ಪುಟದ ಮೂರನೇ ಸಾಲು ಇನ್ನೂ ಒಂದೇ ಉಸಿರಿಗೆ ಬರುತ್ತಿಲ್ಲ.