ಚಕ್ಕೋತದ ಪಾಲು

ದೊಡ್ಡಬಳ್ಳಾಪುರದ ಹೊರಗಿರುವ ನಮ್ಮ ಒಂದು ಎಕರೆ ಹೊಲ ಅಪ್ಪಟ ತ್ರಿಕೋನ. ರಸ್ತೆ ಬದಿ 264 ಅಡಿ. ಅಲ್ಲಿಂದ ನೇರಕ್ಕೆ 330 ಅಡಿ ಒಳಗೆ ಹೋದರೆ ಚೂಪು ಮೂಲೆ. ಆ ಮೂಲೆಯಲ್ಲಿ ದೇವನಹಳ್ಳಿ ಚಕ್ಕೋತದ ಮರ.

ಭಾಗವಾಗುವಾಗ ಸರ್ವೇಯರನ್ನು ಕರೆಸೋಣ ಅಂದ ಅಣ್ಣ. ಮನೆಯಲ್ಲೇ ಬಿ.ಕಾಂ. ಆದವನಿರುವಾಗ ಸರ್ವೇಯರ್ ಯಾಕೆ? ರಸ್ತೆಗೆ ಸಮಾಂತರವಾಗಿ, ಸರಿಯಾಗಿ 165 ಅಡಿಗೆ ಹಗ್ಗ ಎಳೆಸಿದೆ. "ನಡುಮಧ್ಯ! ಇಬ್ಬರಿಗೂ ಇಪ್ಪತ್ತಿಪ್ಪತ್ತು ಗುಂಟೆ." ಚಕ್ಕೋತದ ಆಸೆಗೆ ಮೂಲೆ ಕಡೆಯದನ್ನು ನಾನೇ ಕೇಳಿ ಪಡೆದೆ. ಬದುವಿನ ಒಂದು ಗೇಣಿಗೂ ಪಂಚಾಯ್ತಿ ಸೇರಿಸುವ ಅಣ್ಣ ಅವತ್ತು ಕಾಫಿ ಕೊಡಿಸಿದ.

ಮಳೆ ಬಿತ್ತು. ರಾಗಿ ಹೊಲ ಉಳಲು ಅಣ್ಣನ ಕಡೆ ಟ್ರ್ಯಾಕ್ಟರ್ ಒಂದು ಗಂಟೆ ತಿರುಗಿತು, ನನ್ನ ಕಡೆ ಇಪ್ಪತ್ತೇ ನಿಮಿಷ. "ನಮ್ಮದು ಹೂವಿನಂಥ ಮಣ್ಣು ಕಣೇ, ಬಾಡಿಗೆ ಎಷ್ಟು ಉಳೀತು ನೋಡು" ಅಂತ ಹೆಂಡತಿ ಮುಂದೆ ಬೀಗಿದೆ. ಬಿತ್ತನೆ ರಾಗಿಯೂ ಅರ್ಧಕ್ಕರ್ಧ ಮಿಕ್ಕಾಗ ನನ್ನ ಕೈಗುಣಕ್ಕೆ ನಾನೇ ತಲೆದೂಗಿದೆ.

ಪಿಯುಸಿ ಓದುವ ಅಣ್ಣನ ಮಗಳು ನನ್ನ ಮಣ್ಣಿನ ಗುಣಗಾನ ಕೇಳಿ ನಕ್ಕಳು. "ಚಿಕ್ಕಪ್ಪ, ನಿಮ್ಮ ತ್ರಿಕೋನ ಇಡೀ ಹೊಲಕ್ಕೆ ಸಮರೂಪ. ಬಾಹು ಅರ್ಧವಾದರೆ ವಿಸ್ತೀರ್ಣ ಅರ್ಧದ ವರ್ಗ, ಅಂದ್ರೆ ಕಾಲು. ನಿಮಗೆ ಬಂದಿರೋದು ಹತ್ತು ಗುಂಟೆ, ಅಪ್ಪನಿಗೆ ಮೂವತ್ತು."

ರಾಜಾದಿತ್ಯ 12ನೇ ಶತಮಾನದಲ್ಲೇ ಕನ್ನಡದಲ್ಲಿ 'ಕ್ಷೇತ್ರಗಣಿತ' ಬರೆದಿಟ್ಟಿದ್ದ, ಪಾಪ. ಸಮರೂಪ ತ್ರಿಭುಜಗಳ ಈ ಪ್ರಮೇಯವನ್ನು ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ಪಠ್ಯದಿಂದ ಕೈಬಿಟ್ಟದ್ದು 2022ರಲ್ಲಿ. ಈ ಒಂದು ವಿಷಯದಲ್ಲಿ ನಾನು ಅವರಿಗಿಂತ ಬಹಳ ಮುಂದಿದ್ದೆ. ಹತ್ತನೇ ಕ್ಲಾಸಿನಲ್ಲಿ ಕೂತಿರುವಾಗಲೇ ಕೈಬಿಟ್ಟಿದ್ದೆ.

"ಸಮಪಾಲು ಆಗಬೇಕಾದರೆ 330ನ್ನು ಎರಡರ ವರ್ಗಮೂಲದಿಂದ ಭಾಗಿಸಬೇಕು. ಹೆಚ್ಚುಕಮ್ಮಿ 233 ಅಡಿ…" ಎಂದು ಅವಳು ವಿವರಿಸುತ್ತಲೇ ಇದ್ದಳು. ಪೂರ್ತಿ ಕೇಳುವ ವ್ಯವಧಾನ ಯಾರಿಗಿತ್ತು? ಟೇಪು, ಗೂಟ, ಸುತ್ತಿಗೆ ಹಿಡಿದು ಓಡಿದೆ. ಅಣ್ಣ ರಸ್ತೆ ಬದಿಯಲ್ಲಿ ಟೇಪಿನ ತುದಿ ಹಿಡಿದು ನಿಂತ. ನಾನು 233 ಅಡಿ ಒಳಕ್ಕೆ ನಡೆದು ಗೂಟಕ್ಕೆ ಮೊದಲ ಪೆಟ್ಟು ಹಾಕಿದೆ.

"ಚಿಕ್ಕಪ್ಪಾ, ರಸ್ತೆಯಿಂದಲ್ಲ, ಮೂಲೆಯಿಂದ ಅಳೀಬೇಕು! ಹಿಂಗಾದ್ರೆ ನಿಮಗೆ ಉಳಿಯೋದು ಮೂರೂವರೆ ಗುಂಟೆ!"

ಅಣ್ಣ ಟೇಪು ಬಿಡದೆಯೇ ಮಗಳತ್ತ ತಿರುಗಿ ಗದರಿದ: "ದೊಡ್ಡೋರು ಅಳೆಯೋವಾಗ ಮಧ್ಯೆ ಬಾಯಿ ಹಾಕಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ?"